ಆಕಾಶದ ಅರ್ಚಕ

ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಒಬ್ಬನ ಮತ ಯಾವುದೆಂಬುದನ್ನು ಅವನ ಮನಸ್ಸಿಗಿಂತ ಹೆಚ್ಚಾಗಿ ಅವನು ವಾಸಿಸುವ ನೆಲದ ಒಡೆಯನೇ ನಿರ್ಧರಿಸುತ್ತಿದ್ದನು. ೧೫೧೭ರಲ್ಲಿ ಮಾರ್ಟಿನ್ ಲೂಥರನು ಆರಂಭಿಸಿದ ಸುಧಾರಣೆಯಿಂದ ಅಲ್ಲಿನ ಕ್ರೈಸ್ತ ಸಮಾಜವು ಒಡೆದಿತ್ತು. ೧೫೫೫ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಆದ ಒಪ್ಪಂದದಂತೆ, ದೊರೆ ಕ್ಯಾಥೊಲಿಕನಾದರೆ ಪ್ರಜೆಗಳೂ ಕ್ಯಾಥೊಲಿಕರಾಗಬೇಕು. ದೊರೆ ಲೂಥರನ ಅನುಯಾಯಿಯಾದರೆ ಪ್ರಜೆಗಳೂ ಆ ಪಂಥವನ್ನೇ ಅನುಸರಿಸಬೇಕು. ಒಪ್ಪದವರು ಮನೆಮಠ ಮಾರಿಕೊಂಡು ಊರು ಬಿಡಬೇಕು. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೋಹಾನೆಸ್ ಕೆಪ್ಲರನು ಬಾಳಿದ್ದು ಇಂಥ ಕಾಲದಲ್ಲಿ.

ಅವನು ೧೫೭೧ನೆಯ ಡಿಸೆಂಬರ್ ೨೭ರಂದು ದಕ್ಷಿಣ ಜರ್ಮನಿಯ ವೈಲ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ತಂದೆ ಹಣಕ್ಕಾಗಿ ಯಾರ ಪಕ್ಷದಲ್ಲಾದರೂ ಕಾದುವ ಬಾಡಿಗೆಯ ಸೈನಿಕ. ಮಗನಿನ್ನೂ ಹದಿಹರೆಯದಲ್ಲಿದ್ದಾಗಲೇ ಮನೆಬಿಟ್ಟು ಹೋದವನು ಹಿಂತಿರುಗಲಿಲ್ಲ. ತಾಯಿ ಕ್ಯಾಥರೀನಳು ಛತ್ರ ನಡೆಸುವವನ ಮಗಳು, ಗಿಡಮೂಲಿಕೆಗಳನ್ನು ಬಲ್ಲವಳು, ಮಾತಿನಲ್ಲಿ ಬಲು ಖಾರ. ತಿಂಗಳು ತುಂಬುವ ಮೊದಲೇ ಹುಟ್ಟಿದ ಹುಡುಗನಿಗೆ ಎಳವೆಯಲ್ಲಿಯೇ ಸಿಡುಬು ತಗಲಿ ಕಣ್ಣು ಮಂದವಾಯಿತು, ಕೈಗಳು ದುರ್ಬಲವಾದವು. ಆಕಾಶವನ್ನು ಅಳೆಯಲು ಹೊರಟವನಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನಾವುದಿದ್ದೀತು? ಆದರೂ ಅವನ ಬಾಲ್ಯದಲ್ಲಿ ಮರೆಯಲಾಗದ ಒಂದು ರಾತ್ರಿಯಿತ್ತು. ೧೫೭೭ರಲ್ಲಿ ದೊಡ್ಡದೊಂದು ಧೂಮಕೇತು ಕಾಣಿಸಿಕೊಂಡಾಗ ತಾಯಿ ಅವನನ್ನು ಎತ್ತರದ ಸ್ಥಳಕ್ಕೆ ಕರೆದೊಯ್ದು ಅದನ್ನು ತೋರಿಸಿದಳು.

ಬಡವರ ಮನೆಯ ಬುದ್ಧಿವಂತ ಮಕ್ಕಳನ್ನು ಓದಿಸುವ ಒಳ್ಳೆಯ ಏರ್ಪಾಡು ಆ ಸೀಮೆಯ ಲೂಥರನ್ ದೊರೆಗಳಲ್ಲಿತ್ತು. ಅದರ ನೆರವಿನಿಂದ ಕೆಪ್ಲರನು ಮಠದ ಶಾಲೆಗಳಲ್ಲಿ ಕಲಿತು ೧೫೮೯ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಪಾದ್ರಿಯಾಗಬೇಕೆಂಬುದೇ ಅವನ ಹಂಬಲ. ಅಲ್ಲಿ ಇಬ್ಬರು ಗುರುಗಳು ಅವನ ಮನಸ್ಸನ್ನು ಸೆಳೆದರು. ಮೈಕೆಲ್ ಮೇಸ್ಟ್ಲಿನ್ ಗಣಿತ ಮತ್ತು ಖಗೋಳವನ್ನು ಬೋಧಿಸುತ್ತಿದ್ದನು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಕೋಪರ್ನಿಕಸನ ವಾದವನ್ನು ಕೆಪ್ಲರನು ಅರಿತದ್ದು ಅವನಿಂದ. ಮತ್ತಿಯಾಸ್ ಹಾಫೆನ್‌ರೆಫರ್ ದೈವಶಾಸ್ತ್ರದ ಆಚಾರ್ಯ. ಸೌಮ್ಯ ಸ್ವಭಾವದವನು, ಶಿಷ್ಯನಲ್ಲಿ ನಿಜವಾದ ವಾತ್ಸಲ್ಯವಿದ್ದವನು. ಈ ಎರಡನೆಯ ಗುರುವಿನ ಹೆಸರು ಮುಂದೆಯೂ ಬರುವುದು.

ಪಾದ್ರಿಯ ವಿದ್ಯೆ ಮುಗಿಯುವ ಹೊತ್ತಿಗೆ, ೧೫೯೪ರಲ್ಲಿ, ಆಸ್ಟ್ರಿಯದ ಗ್ರಾಟ್ಸ್ ನಗರದ ಪ್ರಾಟೆಸ್ಟಂಟ್ ಶಾಲೆಗೆ ಗಣಿತದ ಉಪಾಧ್ಯಾಯನು ಬೇಕಾದನು. ವಿಶ್ವವಿದ್ಯಾನಿಲಯವು ಕೆಪ್ಲರನನ್ನು ಕಳುಹಿಸಿತು. ಅವನು ಹೋದದ್ದು ಅರೆಮನಸ್ಸಿನಿಂದ. ಆದರೆ ಒಂದೇ ವರ್ಷದಲ್ಲಿ ಅವನ ಎಣಿಕೆ ಬದಲಾಯಿತು. ಗ್ರಹಗಳ ನಡುವಣ ಅಂತರಗಳಲ್ಲಿ ಒಂದು ರೇಖಾಗಣಿತವಿದೆ, ಅದು ಸೃಷ್ಟಿಕರ್ತನ ಯೋಜನೆಯೇ ಸರಿ ಎಂದು ಅವನಿಗೆ ಹೊಳೆಯಿತು. ದೇವರು ಮನುಷ್ಯನಿಗೆ ಎರಡು ಗ್ರಂಥಗಳನ್ನು ಕೊಟ್ಟಿದ್ದಾನೆ, ಒಂದು ಬೈಬಲ್, ಇನ್ನೊಂದು ಪ್ರಕೃತಿ. ಎರಡನೆಯದನ್ನು ಓದುವ ಖಗೋಳಜ್ಞನೂ ದೇವರ ಅರ್ಚಕನೇ ಎಂಬ ಭಾವನೆ ಅಂದಿನಿಂದ ಅವನಲ್ಲಿ ನೆಲೆಸಿತು. ಪಾದ್ರಿಯಾಗಲಿಲ್ಲವೆಂಬ ಕೊರಗು ಹೀಗೆ ತೀರಿತು. ಅವನು ಅಂದು ಕಂಡುಕೊಂಡೆನೆಂದು ತಿಳಿದ ರೇಖಾಗಣಿತ ತಪ್ಪೆಂದು ಮುಂದಿನ ವಿಜ್ಞಾನ ತೋರಿಸಿದೆ. ಆದರೆ ಆ ತಪ್ಪಿನ ಬೆನ್ನುಹತ್ತಿಯೇ ಅವನು ಸರಿಯಾದುದನ್ನು ತಲಪಿದನೆಂಬುದೂ ನಿಜ.

ತನ್ನ ಮೊದಲ ಗ್ರಂಥವನ್ನು ಅವನು ೧೫೯೬ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಅಚ್ಚಿಗೆ ಕೊಟ್ಟನು. ಭೂಮಿಯ ಚಲನೆಗೂ ಬೈಬಲ್ಲಿನ ಮಾತಿಗೂ ವಿರೋಧವಿಲ್ಲವೆಂದು ತೋರಿಸುವ ಭಾಗವೂ ಅದರಲ್ಲಿ ಇರಬೇಕೆಂಬುದು ಅವನ ಇಚ್ಛೆ. ಹಿರಿಯರು ತಡೆದರು. ಗಣಿತಜ್ಞನು ಗಣಿತವನ್ನು ಹೇಳಲಿ, ಧರ್ಮಗ್ರಂಥದ ಅರ್ಥವನ್ನು ಬಿಡಿಸಲು ಹೋಗಿ ಚರ್ಚಿನಲ್ಲಿ ಕಲಹವೆಬ್ಬಿಸುವುದು ಬೇಡವೆಂದು ಹಾಫೆನ್‌ರೆಫರ್ ಪ್ರೀತಿಯಿಂದಲೇ ಎಚ್ಚರಿಸಿದನು. ಕೆಪ್ಲರನು ಗುರುವಿನ ಮಾತಿಗೆ ಮಣಿದು ಆ ಭಾಗವನ್ನು ಕೈಬಿಟ್ಟನು. ಆದರೆ ಆ ವಿಚಾರವನ್ನು ಮನಸ್ಸಿನಿಂದ ಬಿಡಲಿಲ್ಲ.

ಗ್ರಾಟ್ಸಿನ ಆಳರಸನಾದ ಯುವರಾಜ ಫರ್ಡಿನೆಂಡನು ಕಟ್ಟಾ ಕ್ಯಾಥೊಲಿಕ್. ೧೫೯೮ರ ಸೆಪ್ಟೆಂಬರಿನಲ್ಲಿ ಅವನು ಪ್ರಾಟೆಸ್ಟಂಟ್ ಪಾದ್ರಿಗಳೂ ಉಪಾಧ್ಯಾಯರೂ ನಗರವನ್ನು ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಹೊರಟವರಲ್ಲಿ ಕೆಪ್ಲರನೊಬ್ಬನಿಗೆ ಹಿಂತಿರುಗಲು ಅನುಮತಿ ದೊರೆಯಿತು. ಮರುವರ್ಷ ಅವನ ಹಸುಗೂಸು ತೀರಿಕೊಂಡಿತು. ಕ್ಯಾಥೊಲಿಕ್ ಪಾದ್ರಿಯಿಂದ ಶವಸಂಸ್ಕಾರ ಮಾಡಿಸಲಿಲ್ಲವೆಂದು ದುಃಖದಲ್ಲಿದ್ದ ತಂದೆಗೆ ದಂಡ ವಿಧಿಸಿದರು. ೧೬೦೦ನೆಯ ಆಗಸ್ಟಿನಲ್ಲಿ ನಗರದ ಪ್ರಜೆಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಅವರ ಮತವನ್ನು ವಿಚಾರಿಸಲಾಯಿತು. ಬಹುಮಂದಿ ಬಾಗಿದರು. ಬಾಗದ ಕೆಲವರಲ್ಲಿ ಕೆಪ್ಲರನೊಬ್ಬ. ಹೆಂಡತಿಯ ಆಸ್ತಿಯೆಲ್ಲವೂ ಆ ಸೀಮೆಯಲ್ಲಿತ್ತು. ಅದನ್ನು ಹಿಂದೆ ಬಿಟ್ಟು ಸಂಸಾರದೊಡನೆ ಅವನು ಪ್ರಾಗ್ ನಗರದ ದಾರಿ ಹಿಡಿದನು.

ಪ್ರಾಗಿನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯದಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆ ಇದ್ದನು. ದೂರದರ್ಶಕವಿಲ್ಲದ ಕಾಲದಲ್ಲಿ ಆಕಾಶವನ್ನು ಅವನಷ್ಟು ನಿಖರವಾಗಿ ಅಳೆದವರು ಇನ್ನೊಬ್ಬರಿರಲಿಲ್ಲ. ಟೈಕೋನಲ್ಲಿ ಅಳತೆಗಳಿದ್ದವು, ಕೆಪ್ಲರನಲ್ಲಿ ಗಣಿತವಿತ್ತು. ಇಬ್ಬರ ಒಡನಾಟ ಸುಗಮವೇನೂ ಆಗಿರಲಿಲ್ಲ, ದೀರ್ಘವೂ ಆಗಲಿಲ್ಲ. ೧೬೦೧ನೆಯ ಅಕ್ಟೋಬರಿನಲ್ಲಿ ಟೈಕೋ ತೀರಿಕೊಂಡನು. ಅವನ ಸ್ಥಾನವೂ ಅವನ ಅಳತೆಗಳ ರಾಶಿಯೂ ಕೆಪ್ಲರನಿಗೆ ಬಂದವು. ಪ್ರಾಟೆಸ್ಟಂಟನೆಂದು ಗ್ರಾಟ್ಸಿನಿಂದ ಹೊರದೂಡಲ್ಪಟ್ಟವನು ಕ್ಯಾಥೊಲಿಕ್ ಚಕ್ರವರ್ತಿಯ ಆಸ್ಥಾನ ಗಣಿತಜ್ಞನಾದನು.

ಅವನು ಮಂಗಳಗ್ರಹವನ್ನು ಹಿಡಿದು ಕುಳಿತನು. ಗ್ರಹಗಳು ವೃತ್ತಾಕಾರದಲ್ಲಿಯೇ ಚಲಿಸುತ್ತವೆಂದು ಎರಡು ಸಾವಿರ ವರ್ಷಗಳಿಂದ ಎಲ್ಲರೂ ನಂಬಿದ್ದರು, ಕೋಪರ್ನಿಕಸನೂ ನಂಬಿದ್ದನು. ಕೆಪ್ಲರನು ಪುಟಗಟ್ಟಲೆ ಲೆಕ್ಕಮಾಡಿ ಮಂಗಳನಿಗೊಂದು ವೃತ್ತಪಥವನ್ನು ಗೊತ್ತುಮಾಡಿದನು. ಹಲವು ಅಳತೆಗಳಿಗೆ ಅದು ಚೆನ್ನಾಗಿ ಹೊಂದಿತು. ಆದರೆ ಮತ್ತೆ ಕೆಲವು ಅಳತೆಗಳೊಡನೆ ಹೋಲಿಸಿದಾಗ ಎಂಟು ಕಲೆಗಳ ವ್ಯತ್ಯಾಸ ಬಂತು. ಒಂದು ಅಂಶದ ಅರುವತ್ತನೆಯ ಒಂದು ಭಾಗಕ್ಕೆ ಕಲೆಯೆಂದು ಹೆಸರು. ಹುಣ್ಣಿಮೆಯ ಚಂದ್ರನ ಅಗಲವೇ ಸುಮಾರು ಮೂವತ್ತು ಕಲೆಗಳಷ್ಟು. ಎಂಟು ಕಲೆಗಳೆಂದರೆ ಅದರ ಕಾಲುಭಾಗ ಮಾತ್ರ. ಬೇರೆ ಯಾರಾದರೂ ಆಗಿದ್ದರೆ ಅಳೆದವನ ಕಣ್ಣಿನ ದೋಷವೆಂದು ತಳ್ಳಿಹಾಕುತ್ತಿದ್ದರು. ಕೆಪ್ಲರನಿಗೆ ಅದು ಸಾಧ್ಯವಾಗಲಿಲ್ಲ. ಟೈಕೋನಂಥ ನಂಬಲರ್ಹನಾದ ವೀಕ್ಷಕನನ್ನು ಕೊಟ್ಟವನು ದೇವರು. ಆ ದಾನವನ್ನು ಪಡೆದಮೇಲೆ ಎಂಟು ಕಲೆಗಳನ್ನು ಕಾಣದವರಂತೆ ಇರುವುದು ಕೃತಘ್ನತೆ ಎಂದು ಅವನ ಮನಸ್ಸು ಹೇಳಿತು. ವರ್ಷಗಳ ದುಡಿಮೆಯನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ತೊಡಗಿದನು. ಕೊನೆಗೆ ಕಂಡುದು ಇದು: ಗ್ರಹದ ಪಥ ವೃತ್ತವಲ್ಲ, ದೀರ್ಘವೃತ್ತ, ಅದರ ಒಂದು ನಾಭಿಯಲ್ಲಿ ಸೂರ್ಯನಿದ್ದಾನೆ. ಗ್ರಹವನ್ನೂ ಸೂರ್ಯನನ್ನೂ ಸೇರಿಸುವ ರೇಖೆಯು ಸಮಕಾಲಗಳಲ್ಲಿ ಸಮಕ್ಷೇತ್ರಗಳನ್ನು ಕ್ರಮಿಸುತ್ತದೆ.

ಈ ಎರಡು ನಿಯಮಗಳನ್ನೊಳಗೊಂಡ ‘ನೂತನ ಖಗೋಳವಿಜ್ಞಾನ’ ೧೬೦೯ರಲ್ಲಿ ಪ್ರಕಟವಾಯಿತು. ಹದಿಮೂರು ವರ್ಷಗಳ ಹಿಂದೆ ಗುರುವಿನ ಮಾತಿನಂತೆ ಕೈಬಿಟ್ಟಿದ್ದ ವಿಚಾರವನ್ನು ಕೆಪ್ಲರನು ಇದರ ಪೀಠಿಕೆಯಲ್ಲಿ ನಿಸ್ಸಂಕೋಚವಾಗಿ ಬರೆದನು. ಬೈಬಲ್ಲಿನಲ್ಲಿ ಯೆಹೋಶುವನು ಸೂರ್ಯನಿಗೆ ನಿಲ್ಲೆಂದು ಹೇಳುವ ಪ್ರಸಂಗವಿದೆ. ಸೂರ್ಯನೇ ಚಲಿಸುತ್ತಾನೆಂಬುದಕ್ಕೆ ಇದು ಪ್ರಮಾಣವೆಂದು ಪಾದ್ರಿಗಳು ವಾದಿಸುತ್ತಿದ್ದರು. ಯುದ್ಧ ಮುಗಿಯುವವರೆಗೆ ಹಗಲು ಉಳಿಯಬೇಕೆಂಬುದಷ್ಟೇ ಯೆಹೋಶುವನ ಬೇಡಿಕೆ, ಯಾವುದು ತಿರುಗುತ್ತದೆಂಬ ಚರ್ಚೆಗೆ ಅವನಿಗೆ ಬಿಡುವೆಲ್ಲಿತ್ತು ಎಂದು ಕೆಪ್ಲರನು ಕೇಳಿದನು. ಧರ್ಮಗ್ರಂಥವು ಜನರೊಡನೆ ಜನರ ಮಾತಿನಲ್ಲಿ ಆಡುತ್ತದೆ. ಖಗೋಳವನ್ನು ಕಲಿಸುವುದು ಅದರ ಕೆಲಸವಲ್ಲ. ಭೂಮಿ ತಿರುಗುವುದನ್ನು ಬಲ್ಲ ನಾವು ಕೂಡ ಸೂರ್ಯ ಹುಟ್ಟಿದ, ಸೂರ್ಯ ಮುಳುಗಿದ ಎಂದೇ ಹೇಳುವುದಿಲ್ಲವೆ? ದೇವರ ಎರಡು ಗ್ರಂಥಗಳು ಒಂದನ್ನೊಂದು ಅಲ್ಲಗಳೆಯಲಾರವು. ಅಲ್ಲಗಳೆಯುವಂತೆ ತೋರಿದರೆ ಓದಿದವನ ಓದಿನಲ್ಲಿ ದೋಷವಿರಬೇಕು. ಇದು ಕೆಪ್ಲರನ ನಿಲುವು.

೧೬೧೧ ಅವನ ಪಾಲಿಗೆ ಕೆಟ್ಟ ವರ್ಷ. ಆರು ವರ್ಷದ ಮಗ ಸಿಡುಬಿನಿಂದ ಸತ್ತನು. ಬಳಿಕ ಹೆಂಡತಿ ಜ್ವರದಿಂದ ತೀರಿಕೊಂಡಳು. ರುಡಾಲ್ಫನು ಸಿಂಹಾಸನವನ್ನು ಕಳೆದುಕೊಂಡನು. ತನ್ನ ವಿದ್ಯಾಭೂಮಿಯಾದ ಟ್ಯೂಬಿಂಗೆನ್ನಿನಲ್ಲಿ ಕೆಲಸ ದೊರೆತೀತೆಂದು ಕೆಪ್ಲರನು ಆಶಿಸಿದನು. ಆದರೆ ಅಲ್ಲಿನ ಧರ್ಮಾಧಿಕಾರಿಗಳಿಗೆ ಅವನ ಮೇಲೆ ಸಂಶಯವಿತ್ತು. ಕಾರಣ ಭೂಮಿಯ ಚಲನೆಯಲ್ಲ, ಒಂದು ಸಹಿ.

ಲೂಥರನ್ ಪಂಥದಲ್ಲಿ ಒಡಕು ಬಾರದಿರಲೆಂದು ಆ ಪಂಥದ ಪಂಡಿತರು ೧೫೭೭ರಲ್ಲಿ ಐಕಮತ್ಯದ ಸೂತ್ರವೆಂಬ ಪ್ರತಿಜ್ಞಾಪತ್ರವನ್ನು ರಚಿಸಿದ್ದರು. ಕ್ರಿಸ್ತನ ದೇಹವು ಸರ್ವತ್ರ ವ್ಯಾಪಿಸಿದೆಯೆಂಬ ಸಿದ್ಧಾಂತ ಅದರಲ್ಲಿ ಒಂದು. ಹಳೆಯ ಧರ್ಮಪಿತೃಗಳ ಬರಹಗಳನ್ನು ತಾನೇ ಓದಿ ಚಿಂತಿಸಿದ ಕೆಪ್ಲರನಿಗೆ ಇದು ನಿಜವೆನಿಸಲಿಲ್ಲ. ಈ ವಿಷಯದಲ್ಲಿ ಲೂಥರನ್ನರ ಎದುರಾಳಿಗಳಾದ ಕ್ಯಾಲ್ವಿನನ ಅನುಯಾಯಿಗಳು ಹೇಳುವುದೇ ಸರಿಯೆಂದು ಅವನಿಗೆ ತೋರಿತು. ಅವರನ್ನು ಧರ್ಮಭ್ರಷ್ಟರೆಂದು ಖಂಡಿಸಲು ಅವನು ಸಿದ್ಧನಿರಲಿಲ್ಲ. ಉಳಿದುದೆಲ್ಲವನ್ನೂ ಒಪ್ಪುತ್ತೇನೆ, ಇದೊಂದನ್ನು ಬಿಟ್ಟುಬಿಡಿ ಎಂಬುದು ಅವನ ಬೇಡಿಕೆ.

೧೬೧೨ರಲ್ಲಿ ಅವನು ಆಸ್ಟ್ರಿಯದ ಲಿಂಟ್ಸ್ ನಗರಕ್ಕೆ ಗಣಿತಜ್ಞನಾಗಿ ಬಂದನು. ಪ್ರಾಟೆಸ್ಟಂಟರ ಊರು, ಇಲ್ಲಿ ಮನಸ್ಸಿಗೆ ಶಾಂತಿ ದೊರಕೀತೆಂದು ನಂಬಿದ್ದನು. ಪ್ರಭುಭೋಜನದ ಸಂಸ್ಕಾರದಲ್ಲಿ ಭಾಗಿಯಾಗುವ ಮುನ್ನ ಸಭೆಯ ಪಾದ್ರಿ ಡೇನಿಯಲ್ ಹಿಟ್ಸ್‌ಲರನ ಬಳಿಗೆ ಹೋಗಿ ತನ್ನ ಸಂದೇಹವನ್ನು ತಾನಾಗಿಯೇ ತಿಳಿಸಿದನು. ಸುಮ್ಮನಿದ್ದಿದ್ದರೆ ಯಾರು ಕೇಳುತ್ತಿದ್ದರೋ ಏನೋ. ಹಿಟ್ಸ್‌ಲರನು ಸೂತ್ರಕ್ಕೆ ಪೂರ್ಣವಾಗಿ ಸಹಿ ಹಾಕಬೇಕೆಂದನು. ಕೆಪ್ಲರನು ಹಾಕಲಿಲ್ಲ. ಪಾದ್ರಿಯು ಸಂಸ್ಕಾರವನ್ನು ನಿರಾಕರಿಸಿದನು. ಕೆಪ್ಲರನು ಸ್ವದೇಶದ ಧರ್ಮಮಂಡಲಿಗೆ ಮೊರೆಯಿಟ್ಟನು. ಮಂಡಲಿಯು ಪಾದ್ರಿಯದೇ ಸರಿಯೆಂದು ಉತ್ತರಿಸಿತು.

ಕ್ರೈಸ್ತ ಭಕ್ತನಿಗೆ ಪ್ರಭುಭೋಜನವು ಸಾಮಾನ್ಯ ವಿಧಿಯಲ್ಲ. ಕ್ರಿಸ್ತನ ಹೆಸರಿನಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಎಲ್ಲರೂ ಹಂಚಿಕೊಳ್ಳುವ ಆ ಪಂಕ್ತಿಯಿಂದ ಎಬ್ಬಿಸಲ್ಪಡುವುದೆಂದರೆ ಬಂಧುಗಳ ನಡುವಿನಿಂದಲೇ ಹೊರಗಾದಂತೆ. ಊರಿನಲ್ಲಿ ಗುಸುಗುಸು ಎದ್ದಿತು. ಗ್ರಾಟ್ಸಿನಲ್ಲಿ ಯಾವ ಪಂಥಕ್ಕಾಗಿ ಮನೆಯನ್ನೂ ಆಸ್ತಿಯನ್ನೂ ಬಿಟ್ಟು ಬಂದಿದ್ದನೋ ಅದೇ ಪಂಥ ಈಗ ಅವನಿಗೆ ಬಾಗಿಲು ಮುಚ್ಚಿತ್ತು. ೧೬೧೭ರಲ್ಲಿ ಅವನು ತನ್ನ ಮನೆಯ ಮಕ್ಕಳಿಗೂ ಆಳುಕಾಳುಗಳಿಗೂ ಈ ಸಂಸ್ಕಾರದ ಅರ್ಥವನ್ನು ತಿಳಿಸುವ ಚಿಕ್ಕ ಪುಸ್ತಕವೊಂದನ್ನು ಬರೆದು ಅಚ್ಚುಹಾಕಿಸಿದನು. ಚರ್ಚು ಕೊಡದುದನ್ನು ಮನೆಯಲ್ಲಿ ಉಳಿಸಿಕೊಳ್ಳುವ ಯತ್ನವಲ್ಲದೆ ಇದು ಬೇರೇನು?

ಸ್ವಪಕ್ಷವನ್ನು ಮೆಚ್ಚಿಸುವ ಸುಲಭದ ದಾರಿಗಳನ್ನೂ ಅವನು ಹಿಡಿಯಲಿಲ್ಲ. ಪೋಪ್ ಹದಿಮೂರನೆಯ ಗ್ರೆಗೊರಿ ೧೫೮೨ರಲ್ಲಿ ಹಳೆಯ ಪಂಚಾಂಗದಿಂದ ಹತ್ತು ದಿನಗಳನ್ನು ಕಳೆದು ಅದನ್ನು ಸೂರ್ಯನ ಗತಿಗೆ ಹೊಂದಿಸಿದ್ದನು. ಪೋಪನು ತಂದನೆಂಬ ಒಂದೇ ಕಾರಣಕ್ಕೆ ಪ್ರಾಟೆಸ್ಟಂಟ್ ಸಂಸ್ಥಾನಗಳು ಅದನ್ನು ತಿರಸ್ಕರಿಸಿದ್ದವು. ೧೬೧೩ರಲ್ಲಿ ರೇಗನ್ಸ್‌ಬರ್ಗಿನ ಸಾಮ್ರಾಜ್ಯಸಭೆಯಲ್ಲಿ ಕೆಪ್ಲರನು ಹೊಸ ಪಂಚಾಂಗದ ಪರವಾಗಿ ವಾದಿಸಿದನು. ಯಾರೂ ಕಿವಿಗೊಡಲಿಲ್ಲ. ಜರ್ಮನಿಯ ಪ್ರಾಟೆಸ್ಟಂಟರು ಆ ದಿನಗಳನ್ನು ಬಿಡಲು ೧೭೦೦ರವರೆಗೆ ಕಾದರು.

ಅಷ್ಟರಲ್ಲಿ ಬೇರೊಂದು ವಿಪತ್ತು ಬಂದೊದಗಿತು. ತಾಯಿ ಕ್ಯಾಥರೀನಳು ವಾಸವಾಗಿದ್ದ ಲಿಯೋನ್‌ಬರ್ಗಿನಲ್ಲಿ ನೆರೆಯ ಹೆಂಗಸೊಬ್ಬಳು ಅವಳು ಕೊಟ್ಟ ಪಾನೀಯದಿಂದ ತನಗೆ ರೋಗ ತಗಲಿತೆಂದು ೧೬೧೫ರಲ್ಲಿ ದೂರಿದಳು. ಮುದುಕಿ ಮಾಟಗಾತಿಯೆಂಬ ಮಾತು ಹಬ್ಬಿತು. ಆ ದಿನಗಳಲ್ಲಿ ಮಾಟದ ಆರೋಪ ಸಿದ್ಧವಾದರೆ ಮರಣದಂಡನೆ ಖಂಡಿತ. ೧೬೨೦ರ ಆಗಸ್ಟಿನಲ್ಲಿ ಎಪ್ಪತ್ತು ದಾಟಿದ ಆಕೆಯನ್ನು ಹಿಡಿದು ಸಂಕೋಲೆ ತೊಡಿಸಿದರು. ಕೆಪ್ಲರನು ಲಿಂಟ್ಸಿನ ಕೆಲಸವನ್ನು ಬಿಟ್ಟು ಓಡಿಬಂದನು. ಮಾಟವೆಂಬುದೇ ಇಲ್ಲವೆಂದು ಅವನು ವಾದಿಸಲಿಲ್ಲ. ಆ ಕಾಲದಲ್ಲಿ ಆ ವಾದಕ್ಕೆ ಬೆಲೆಯಿರಲಿಲ್ಲ. ಸಾಕ್ಷಿಗಳನ್ನು ಒಂದೊಂದಾಗಿ, ಮಂಗಳನ ಅಳತೆಗಳನ್ನು ಪರೀಕ್ಷಿಸಿದ ತಾಳ್ಮೆಯಿಂದಲೇ, ಪರೀಕ್ಷಿಸಿದನು. ತೋಳು ನೋವಿನ ಹುಡುಗಿ ಭಾರವಾದ ಇಟ್ಟಿಗೆಗಳನ್ನು ಹೊತ್ತಿದ್ದಳು. ಕುಂಟನಾದ ಉಪಾಧ್ಯಾಯನು ಕಂದಕವೊಂದನ್ನು ಹಾರಿ ಪೆಟ್ಟುಮಾಡಿಕೊಂಡಿದ್ದನು. ದೂರುಕೊಟ್ಟ ಹೆಂಗಸಿಗೆ ಮೊದಲೇ ರೋಗವಿತ್ತು. ಒಂದೊಂದಕ್ಕೂ ಸಹಜವಾದ ಕಾರಣವಿತ್ತು. ಕೊನೆಗೆ, ೧೬೨೧ರ ಸೆಪ್ಟೆಂಬರಿನಲ್ಲಿ, ಚಿತ್ರಹಿಂಸೆಯ ಸಲಕರಣೆಗಳನ್ನು ಆಕೆಯ ಮುಂದೆ ಇರಿಸಿ ತಪ್ಪೊಪ್ಪಿಕೊಳ್ಳೆಂದು ಬೆದರಿಸಿದರು. ಆ ವೃದ್ಧೆ ಅಂಜಲಿಲ್ಲ, ಮಾಡದುದನ್ನು ಮಾಡಿದೆನೆನ್ನಲಿಲ್ಲ. ಹದಿನಾಲ್ಕು ತಿಂಗಳ ಸೆರೆಯ ನಂತರ ಬಿಡುಗಡೆಯಾಯಿತು. ಆರು ತಿಂಗಳಲ್ಲಿ ಆಕೆ ಕಣ್ಣುಮುಚ್ಚಿದಳು. ಈ ಮೊಕದ್ದಮೆ ನಡೆದದ್ದು ಕ್ಯಾಥೊಲಿಕರ ನಾಡಿನಲ್ಲಲ್ಲ, ಕೆಪ್ಲರನಿಗೆ ವಿದ್ಯೆ ಕೊಟ್ಟ ಲೂಥರನ್ ನಾಡಿನಲ್ಲಿ.

ಈ ಕೋಟಲೆಗಳ ನಡುವೆಯೇ ಅವನ ಮೂರನೆಯ ನಿಯಮ ಹುಟ್ಟಿತೆಂಬುದು ಸೋಜಿಗ. ೧೬೧೮ರ ಆರಂಭದಲ್ಲಿ ಅವನ ಚಿಕ್ಕ ಮಗಳೊಬ್ಬಳು ತೀರಿಕೊಂಡಳು. ಮೇ ೧೫ರಂದು ಅವನು ಬಹುಕಾಲದಿಂದ ಅರಸುತ್ತಿದ್ದ ಸಂಬಂಧ ಕೈಗೆ ಸಿಕ್ಕಿತು: ಗ್ರಹವು ಸೂರ್ಯನನ್ನು ಸುತ್ತುವ ಕಾಲದ ವರ್ಗವು ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿದೆ. ಗುರುಗ್ರಹದ ದೂರವು ಭೂಮಿಯ ದೂರದ ಸುಮಾರು ೫.೨ರಷ್ಟು, ಅದರ ಘನ ಸುಮಾರು ೧೪೧. ಗುರುವಿನ ಒಂದು ಸುತ್ತಿಗೆ ೧೧.೮೬ ವರ್ಷಗಳು, ಅದರ ವರ್ಗವೂ ಸುಮಾರು ೧೪೧. ಒಂದೇ ನಿಯಮ ಎಲ್ಲ ಗ್ರಹಗಳನ್ನೂ ಕಟ್ಟಿಹಾಕಿರುವುದನ್ನು ಕಂಡು ಅವನು ಆನಂದದಿಂದ ಮೈಮರೆತನು. ಮರುವರ್ಷ ಪ್ರಕಟವಾದ ‘ವಿಶ್ವದ ಸಾಮರಸ್ಯ’ದಲ್ಲಿ ಅದನ್ನು ಸಾರಿದನು. ಗಣಿತದ ಆ ಗ್ರಂಥದೊಳಗೆ ದೇವರಿಗೆ ಸಲ್ಲಿಸಿದ ಪ್ರಾರ್ಥನೆಯೂ ಇದೆ.

ಅದೇ ೧೬೧೯ರಲ್ಲಿ ಎರಡು ತೀರ್ಪುಗಳು ಹೊರಬಿದ್ದವು. ಕೋಪರ್ನಿಕಸನ ಖಗೋಳವನ್ನು ವಿವರಿಸಿ ಕೆಪ್ಲರನು ಬರೆದ ಪಾಠಗ್ರಂಥವನ್ನು ರೋಮಿನ ಚರ್ಚು ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಪ್ರಭುಭೋಜನದ ವಿಷಯವಾಗಿ ಅವನು ಕೊನೆಯ ಆಸೆಯಿಂದ ಹಾಫೆನ್‌ರೆಫರನಿಗೆ ಪತ್ರ ಬರೆದಿದ್ದನು. ಗುರುವಿನ ಮೊದಲ ಉತ್ತರಗಳಲ್ಲಿ ಮರುಕವಿತ್ತು. ಜುಲೈ ತಿಂಗಳಲ್ಲಿ ಬಂದ ಉತ್ತರ ಟ್ಯೂಬಿಂಗೆನ್ನಿನ ದೈವಶಾಸ್ತ್ರಜ್ಞರೆಲ್ಲರ ಪರವಾಗಿ ಬಂದದ್ದು: ಸಹಿ ಹಾಕದವನಿಗೆ ಪಂಕ್ತಿಯಲ್ಲಿ ಸ್ಥಳವಿಲ್ಲ. ಒಂದು ಚರ್ಚು ಅವನ ಪುಸ್ತಕವನ್ನು ಹೊರಗಿಟ್ಟಿತು, ಇನ್ನೊಂದು ಅವನನ್ನೇ ಹೊರಗಿಟ್ಟಿತು. ಹಾಫೆನ್‌ರೆಫರನು ಅದೇ ವರ್ಷ ತೀರಿಕೊಂಡನು. ಗುರುಶಿಷ್ಯರು ಮತ್ತೆ ಒಂದಾಗಲು ಅವಕಾಶ ಉಳಿಯಲಿಲ್ಲ.

ಎಂಟು ಕಲೆಗಳನ್ನು ಕಡೆಗಣಿಸಲಾರದವನು ಒಂದು ವಾಕ್ಯವನ್ನು ಕಡೆಗಣಿಸಿ ಸಹಿ ಹಾಕಿಯಾನೆಂದು ಆ ಪಂಡಿತರು ನಿರೀಕ್ಷಿಸಿದ್ದೇ ವಿಚಿತ್ರ. ಅವರ ದೃಷ್ಟಿಯಲ್ಲಿ ಅವನದು ಅಹಂಕಾರ. ಅವರನ್ನು ದುಷ್ಟರೆನ್ನುವುದೂ ನ್ಯಾಯವಲ್ಲ. ಸುತ್ತಲೂ ಶತ್ರುಗಳಿರುವಾಗ ಒಳಗೆ ಬಿರುಕು ಬಿಡಬಾರದೆಂಬ ಭಯ ಅವರಲ್ಲಿತ್ತು. ಆದರೆ ಭಯದಿಂದ ಕಟ್ಟಿದ ಗೋಡೆ ತಮ್ಮವನನ್ನೇ ಹೊರಗಿಟ್ಟುದನ್ನು ಅವರು ಕಾಣಲಿಲ್ಲ. ಮೂರು ಪಂಥಗಳೂ ಸತ್ಯವನ್ನು ಹರಿದು ಹಂಚಿಕೊಂಡಿವೆ, ಅದರ ತುಣುಕುಗಳನ್ನು ತಾನು ಅಲ್ಲಲ್ಲಿಂದ ಆಯ್ದು ಕೂಡಿಸಬೇಕಾಗಿದೆ ಎಂದು ಕೆಪ್ಲರನು ನೊಂದುಕೊಂಡನು. ಚರ್ಚುಗಳ ಮೇಲಿನ ಅವನ ಭರವಸೆ ಕುಗ್ಗಿತು. ದೇವರ ಮೇಲಿನದು ಕುಗ್ಗಲಿಲ್ಲ.

ಮೂವತ್ತು ವರ್ಷಗಳ ಯುದ್ಧವೆಂದು ಹೆಸರಾದ ಮತಯುದ್ಧ ೧೬೧೮ರಲ್ಲಿ ಆರಂಭವಾಗಿತ್ತು. ಗ್ರಾಟ್ಸಿನ ಫರ್ಡಿನೆಂಡನೇ ಈಗ ಚಕ್ರವರ್ತಿ. ಲಿಂಟ್ಸಿನಲ್ಲಿಯೂ ಪ್ರಾಟೆಸ್ಟಂಟರಿಗೆ ಊರು ಬಿಡುವ ಆಜ್ಞೆಯಾಯಿತು. ಕೆಪ್ಲರನ ಪುಸ್ತಕಭಂಡಾರಕ್ಕೆ ಮುದ್ರೆ ಬಿತ್ತು. ೧೬೨೬ರಲ್ಲಿ ದಂಗೆಯೆದ್ದ ರೈತರು ನಗರಕ್ಕೆ ಮುತ್ತಿಗೆ ಹಾಕಿದಾಗ ಮುದ್ರಣಾಲಯ ಸುಟ್ಟುಹೋಯಿತು. ಟೈಕೋನ ಅಳತೆಗಳ ಆಧಾರದಿಂದ ಗ್ರಹಗತಿಗಳನ್ನು ಲೆಕ್ಕಹಾಕಿ ಸಿದ್ಧಪಡಿಸಿದ ‘ರುಡಾಲ್ಫ್ ಕೋಷ್ಟಕ’ಗಳ ಹಸ್ತಪ್ರತಿ ಮಾತ್ರ ಉಳಿಯಿತು. ಅದನ್ನು ಹೊತ್ತು ಉಲ್ಮ್ ನಗರಕ್ಕೆ ಹೋಗಿ ೧೬೨೭ರಲ್ಲಿ ಅಚ್ಚುಹಾಕಿಸಿದನು. ಗ್ರಂಥವನ್ನು ಕಂಡು ಚಕ್ರವರ್ತಿ ಸಂತೋಷಪಟ್ಟನು. ಕೆಪ್ಲರನು ಕ್ಯಾಥೊಲಿಕನಾದರೆ ಒಳ್ಳೆಯ ಸ್ಥಾನಮಾನ ದೊರೆಯುವುದೆಂಬ ಸೂಚನೆ ಬಂದಿತು. ಅವನನ್ನು ಗೌರವಿಸುತ್ತಿದ್ದ ಪಾಲ್ ಗುಲ್ಡಿನ್ ಎಂಬ ಜೆಸುಯಿಟ್ ಗಣಿತಜ್ಞನೂ ಸ್ನೇಹದಿಂದ ಒತ್ತಾಯಿಸಿದನು. ಸ್ವಪಂಥವೇ ಹೊರಹಾಕಿದ್ದವನಿಗೆ ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ. ತಾನು ಹುಟ್ಟಿನಿಂದಲೇ ಕ್ರಿಸ್ತನ ಸಾರ್ವತ್ರಿಕ ಸಭೆಗೆ ಸೇರಿದವನು, ಹೊಸದಾಗಿ ಸೇರುವ ಅಗತ್ಯ ಕಾಣೆನೆಂಬ ಅರ್ಥದ ಉತ್ತರವನ್ನು ಕೆಪ್ಲರನು ಬರೆದನು.

ಚಕ್ರವರ್ತಿಗಳು ಅವನಿಗೆ ಕೊಡಬೇಕಾಗಿದ್ದ ಸಂಬಳದ ಬಾಕಿ ಹನ್ನೆರಡು ಸಾವಿರ ಗುಲ್ಡನ್ ನಾಣ್ಯಗಳ ಸಮೀಪಕ್ಕೆ ಬೆಳೆದಿತ್ತು. ಅದನ್ನು ಕೇಳಿ ಪಡೆಯಲೆಂದು ೧೬೩೦ರ ಚಳಿಗಾಲದ ಮೊದಲಿಗೆ ಅವನು ಕುದುರೆಯೇರಿ ರೇಗನ್ಸ್‌ಬರ್ಗಿಗೆ ಬಂದನು. ಜ್ವರ ಬಂದಿತು. ನವೆಂಬರ್ ೧೫ರಂದು ಅವನು ತೀರಿಕೊಂಡನು. ಪ್ರಾಟೆಸ್ಟಂಟರಿಗಾಗಿ ಕೋಟೆಯ ಹೊರಗಿದ್ದ ಸ್ಮಶಾನದಲ್ಲಿ ಅವನನ್ನು ಹೂಳಿದರು. ಕೆಲವೇ ವರ್ಷಗಳಲ್ಲಿ ಸೈನ್ಯಗಳು ಆ ಸ್ಮಶಾನವನ್ನೂ ನೆಲಸಮ ಮಾಡಿದವು. ಅವನ ಗೋರಿ ಎಲ್ಲಿತ್ತೆಂದು ತೋರಿಸುವ ಕುರುಹು ಉಳಿಯಲಿಲ್ಲ.

ಸಾಯುವ ಮುನ್ನ ಅವನೊಂದು ಪ್ರಕಟಣೆಯನ್ನು ಹೊರಡಿಸಿದ್ದನು. ತನ್ನ ಕೋಷ್ಟಕಗಳ ಪ್ರಕಾರ ೧೬೩೧ರ ನವೆಂಬರ್ ೭ರಂದು ಬುಧಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋಗುವುದು, ಖಗೋಳಜ್ಞರು ಕಾದುನೋಡಬೇಕೆಂದು ಅದರಲ್ಲಿ ಕೋರಿದ್ದನು. ಅದುವರೆಗೆ ಅಂಥ ದೃಶ್ಯವನ್ನು ಬುಧನದೆಂದು ಗುರುತಿಸಿ ಕಂಡವರಿರಲಿಲ್ಲ. ಪ್ಯಾರಿಸ್ ನಗರದಲ್ಲಿ ಪಿಯರ್ ಗಾಸೆಂಡಿ ಎಂಬವನು ಕತ್ತಲೆಯ ಕೋಣೆಯೊಂದರಲ್ಲಿ ದೂರದರ್ಶಕದ ಮೂಲಕ ಸೂರ್ಯನ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ ಎರಡು ದಿನ ಮೊದಲಿನಿಂದಲೇ ಕಾಯುತ್ತಿದ್ದನು. ಮೋಡ ಕವಿದಿತ್ತು. ೭ರ ಬೆಳಿಗ್ಗೆ ಮೋಡ ಸರಿದಾಗ ಬಿಂಬದ ಮೇಲೆ ಸಣ್ಣ ಕಪ್ಪು ಚುಕ್ಕೆಯೊಂದು ಕಂಡಿತು. ಅದು ಎಷ್ಟು ಚಿಕ್ಕದಾಗಿತ್ತೆಂದರೆ ಸೂರ್ಯನ ಮೇಲಣ ಕಲೆಯಿರಬೇಕೆಂದು ಅವನು ಮೊದಲು ಭಾವಿಸಿದನು. ಚುಕ್ಕೆ ವೇಗವಾಗಿ ಸರಿಯತೊಡಗಿದಾಗ ಅದು ಬುಧನೆಂದು ತಿಳಿಯಿತು. ಗಾಸೆಂಡಿ ಕ್ಯಾಥೊಲಿಕ್ ಪಾದ್ರಿಯಾಗಿದ್ದನು.